ಹಿಮ ಹೊತ್ತ ಬಿದಿರಿನ ಕಿಮೊನೊ

ಆ ಚಿತ್ರಕ್ಕೆ ‘ಚಳಿಗಾಲ’ ಎಂದು ಹಣೆಪಟ್ಟಿ ಹಚ್ಚಲು ನನಗೆ ಎರಡೇ ಸೆಕೆಂಡು ಸಾಕಾಯಿತು. ಕಂಪ್ಯೂಟರಿನ ದಾಖಲೆಯಲ್ಲಿ ‘ಋತು’ ಎಂಬ ಒಂದು ಖಾನೆ ಇತ್ತು. ಒತ್ತಿದರೆ ನಾಲ್ಕು ಆಯ್ಕೆಗಳು ಕೆಳಗಿಳಿಯುತ್ತಿದ್ದವು, ಒಂದನ್ನು ಆರಿಸದೆ ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ನಾನು ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಕಿಮೊನೊದ ತುಂಬ ಬಿದಿರೆಲೆ, ಎಲೆಯ ಮೇಲೆ ಹಿಮ. ಹಿಮ ಎಂದ ಮೇಲೆ ಚಳಿಗಾಲ. ಒತ್ತಿದೆ, ಎದ್ದು ಟೀ ಮಾಡಿಕೊಳ್ಳಲು ಹೋದೆ.

ಇಂಗ್ಲೆಂಡಿನ ಲೀಡ್ಸ್ ಪೇಟೆಯ ಒಂದು ಮ್ಯೂಸಿಯಮ್ಮಿನಲ್ಲಿ ಕಾಗದ ಮತ್ತು ರೇಷ್ಮೆಯ ಮೇಲಿನ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಆ ವರ್ಷ ನಮ್ಮ ಕ್ಯುರೇಟರ್ ಜಪಾನಿನ ಗಣಿಕೆಯರ ಹಳೆಯ ಚಿತ್ರಗಳ ಒಂದು ಪ್ರದರ್ಶನ ಹಮ್ಮಿಕೊಂಡಿದ್ದರು. ರೇಷ್ಮೆಯ ಮೇಲಿನ ಬಣ್ಣ ಬೆಳಕನ್ನು ಬಹಳ ದಿನ ತಾಳುವುದಿಲ್ಲ. ಮೂರು ತಿಂಗಳು ತೂಗುಹಾಕಿದರೆ ಆಮೇಲೆ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸಬೇಕು. ಹಾಗಾಗಿ ಅವರು ಒಂದು ಚಂದದ ಉಪಾಯ ಮಾಡಿದ್ದರು: ಒಂದೇ ಗೋಡೆ, ವರ್ಷಕ್ಕೆ ನಾಲ್ಕು ಸಲ ಬದಲಾವಣೆ. ವಸಂತದಲ್ಲಿ ಚೆರ್ರಿ ಹೂವಿನ ಕಿಮೊನೊ ತೊಟ್ಟವರು, ಎಲೆಯುದುರುವ ಕಾಲಕ್ಕೆ ಮೇಪಲ್ ಎಲೆಯವರು, ಹೀಗೆ. ಆ ಗಣಿಕೆಯರು ತಮ್ಮ ಕಾಲದ ಫ್ಯಾಷನ್ನಿಗೆ ಮೇಲ್ಪಂಕ್ತಿ ಹಾಕಿದವರು. ಅವರು ಈ ವರ್ಷ ಉಟ್ಟದ್ದನ್ನು ಊರಿನ ವ್ಯಾಪಾರಿಗಳ ಹೆಂಡತಿಯರು ಬರುವ ವರ್ಷ ಹುಡುಕಿಕೊಂಡು ಹೋಗುತ್ತಿದ್ದರಂತೆ. ಬಟ್ಟೆಯ ಮೇಲಿನ ಹೂವು, ಎಲೆ ನೋಡಿ ಕಾಲ ಹೇಳಬಹುದೆಂದು ನಾವೆಲ್ಲ ನಂಬಿದ್ದೆವು. ನನ್ನ ಮೇಜಿನ ಎದುರು ಯಾವ ಹೂವು ಯಾವ ತಿಂಗಳದು ಎಂಬ ಪಟ್ಟಿಯನ್ನೇ ಅಂಟಿಸಿಕೊಂಡಿದ್ದೆ. ಎರಡು ವರ್ಷ ಜಪಾನಿನ ಕಾರ್ಯಾಗಾರವೊಂದರಲ್ಲಿ ಅಂಟು ಕಾಯಿಸುವುದನ್ನು, ಕಾಗದ ಎಳೆಯುವುದನ್ನು ಕಲಿತವಳು ನಾನು. ಬಟ್ಟೆ ಓದುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ. ಆದರೂ ಬರುತ್ತದೆ ಎಂಬ ಜಂಬವೇನೂ ಕಡಿಮೆ ಇರಲಿಲ್ಲ.

ಚಿತ್ರ ಉಗ್ರಾಣದಿಂದ ನನ್ನ ಮೇಜಿಗೆ ಬಂದದ್ದು ಏಪ್ರಿಲ್ ತಿಂಗಳಲ್ಲಿ. ಮೂಲದಲ್ಲಿ ಅದು ಸುರುಳಿ ಬಿಚ್ಚಿ ತೂಗುಹಾಕುವಂಥದ್ದು. ಯಾವನೋ ಹಳೆಯ ಮಾಲೀಕ ಸುತ್ತಲಿನ ಅಂಚನ್ನೆಲ್ಲ ಕತ್ತರಿಸಿ, ದಪ್ಪ ರಟ್ಟಿಗೆ ಬಡಿದು ಅಂಟಿಸಿ, ಗಾಜು ಹಾಕಿಸಿ, ಕಲ್ಲಿದ್ದಲು ಉರಿಯುವ ಒಲೆಯ ಮೇಲ್ಗಡೆ ನೇತುಹಾಕಿದ್ದ. ಗಾಜಿನ ಸಂದಿಯಿಂದ ಹೊಗೆ ನುಗ್ಗಿ, ಚಿತ್ರ ನೀರೊಲೆಯ ಪಕ್ಕದ ಗೋಡೆಯ ಬಣ್ಣಕ್ಕೆ ಬಂದಿತ್ತು. ನಿಂತ ಹೆಂಗಸು, ಹೆಗಲ ಮೇಲಿಂದ ಹಿಂತಿರುಗಿ ನೋಡುತ್ತಿದ್ದಾಳೆ. ತುರುಬಿನಲ್ಲಿ ಬಾಚಣಿಗೆ, ಉದ್ದುದ್ದ ಸೂಜಿಗಳು. ಸೊಂಟದ ಓಬಿಪಟ್ಟಿಯ ಗಂಟು ಹಿಂದಲ್ಲ, ಮುಂದೆ. ಗಣಿಕೆಯೆಂದು ಗುರುತಿಸಲು ಅದೊಂದೇ ಸಾಕು. ಕಿಮೊನೊ ಕಡುಗಪ್ಪು, ಅದರ ಮೇಲೆ ಬಿಳಿ ಹಿಮ ಹೊತ್ತ ಬಿದಿರೆಲೆಗಳು. ಕೆಳಗೆ ಬರಿಗಾಲು.

ಮೊದಲು ಫೋಟೊ, ಆಮೇಲೆ ಮೃದುವಾದ ಕುಂಚದಿಂದ ಒಣಧೂಳು. ನಂತರ ಒಂದೊಂದು ಬಣ್ಣದ ಮೇಲೂ ಸೂಜಿಮೊನೆಯಷ್ಟು ನೀರು ಇಟ್ಟು, ಬ್ಲಾಟಿಂಗ್ ಕಾಗದ ಒತ್ತಿ, ಬಣ್ಣ ಬಿಡುತ್ತದೋ ಇಲ್ಲವೋ ನೋಡಬೇಕು. ಕೆಂಪು ಬಿಡಲಿಲ್ಲ, ಕಪ್ಪು ಬಿಡಲಿಲ್ಲ. ಹಿಮದ ಬಿಳಿ ಮಾತ್ರ ಹೊಪ್ಪಳಿಕೆ ಏಳುತ್ತಿತ್ತು. ಅದು ಚಿಪ್ಪನ್ನು ಅರೆದು ಮಾಡಿದ ಬಿಳಿ. ಕಡಲಪಾಚಿ ಕುದಿಸಿ ಸೋಸಿದ ತಿಳಿಯಂಟನ್ನು ಒಂದೊಂದು ಎಲೆಗೂ ಕುಂಚದ ತುದಿಯಿಂದ ಊಡಿಸಿದೆ. ಒಂಬತ್ತು ದಿನ ಹಿಡಿಯಿತು. ಆಮೇಲೆ ಮುಖಕ್ಕೆ ತೆಳು ಕಾಗದದ ರಕ್ಷೆ ಕೊಟ್ಟು, ಬೋರಲು ಹಾಕಿ, ಹಿಂದಿನ ರಟ್ಟನ್ನು ಪದರ ಪದರವಾಗಿ ಸುಲಿಯತೊಡಗಿದೆ. ಈ ಕೆಲಸದಲ್ಲಿ ಅವಸರ ಮಾಡಿದವರು ಕೆಟ್ಟರು. ನಾನು ಹುಟ್ಟಾ ಅವಸರದವಳು, ಆದ್ದರಿಂದ ಬೆಳಗ್ಗೆ ಮಾತ್ರ ರಟ್ಟು ಮುಟ್ಟುವುದು, ಊಟದ ನಂತರ ಮುಟ್ಟಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಮೇ ತಿಂಗಳು ಪೂರ್ತಿ ರಟ್ಟಿಗೇ ಹೋಯಿತು.

ಜೂನ್ ಮೊದಲ ವಾರ ತೊಳೆಯುವ ಸರದಿ. ಮುಖದ ರಕ್ಷೆ ತೆಗೆದು, ಚಿತ್ರವನ್ನು ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಮಲಗಿಸಿ, ಮೇಲಿಂದ ಮಂಜಿನಂತೆ ನೀರು ಸಿಂಪಡಿಸಿದರೆ ಕೊಳೆ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಮೊದಲ ಕಾಗದ ಗಟ್ಟಿ ಡಿಕಾಕ್ಷನ್ ಬಣ್ಣ ಆಯಿತು. ಎರಡನೆಯದೂ ಅಷ್ಟೇ. ಒಟ್ಟು ಇಪ್ಪತ್ತಮೂರು ಕಾಗದ ಬದಲಾಯಿಸಿದೆ. ಕೊನೆಕೊನೆಗೆ, ಕಪ್ಪು ಅಂದುಕೊಂಡಿದ್ದ ಕಿಮೊನೊ ಕಪ್ಪಾಗಿ ಉಳಿಯಲಿಲ್ಲ. ಅದು ಪಾರದರ್ಶಕವಾಗಿ ತೆರೆದುಕೊಂಡಿತು. ಒಳಗಿನ ಕೆಂಪು ಒಳ ಉಡುಪು ಮಸುಕಾಗಿ ಕಂಡಿತು, ತೋಳಿನೊಳಗಿಂದ ಒಂದು ಕೈ ಕಂಡಿತು. ತಿಂಗಳುಗಟ್ಟಲೆ ಇವಳ ಮೇಲೆ ಬಗ್ಗಿಕೊಂಡಿದ್ದರೂ ಇವಳಿಗೆ ಮೊಣಕೈ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಕೈ ಒರೆಸಿಕೊಂಡು ಕ್ಯುರೇಟರಿಗೆ ಫೋನ್ ಮಾಡಿದೆ.

ಕ್ಯುರೇಟರ್ ಐವತ್ತು ದಾಟಿದ ಯಾರ್ಕ್‌ಶೈರ್ ಹೆಂಗಸು. ಎಲ್ಲರನ್ನೂ ‘ಲವ್’ ಎಂದೇ ಕರೆಯುವವರು, ಕೆಲಸದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಬಂದು ನೋಡಿದರು, ಅವರ ಮುಖವೂ ಅರಳಿತು. ಮತ್ತೆ ಸ್ವಲ್ಪ ಹೊತ್ತಿಗೆ ಅರಳಿದ್ದು ಮುದುಡಿತು.

“ಅಲ್ಲ ಲವ್, ಮೈಮೇಲೆ ಹಿಮ, ಹಾಕಿರೋದು ಸೊಳ್ಳೆಪರದೆ ಥರದ ಬಟ್ಟೆ. ಚಳಿಗಾಲದಲ್ಲಿ ಇಂಥದ್ದನ್ನ ಯಾರು ಹಾಕ್ಕೋತಾರೆ?”

ಅವರು ಭೂತಗನ್ನಡಿ ಎತ್ತಿಕೊಂಡು ತೋಳಿನ ಹತ್ತಿರ ಬಗ್ಗಿದರು.

“ಕಿಮೊನೊ ಅಂದ್ರೇನು ಅಂತ ಗೊತ್ತಿಲ್ದೋನು ಬರೆದಿರೋದು. ಹೊರದೇಶದೋರಿಗೆ ಮಾರೋಕೆ ಅಂತ ಆಮೇಲೆ ಮಾಡಿದ ನಕಲು ಇರ್ಬೇಕು. ನಮ್ಮ ಹಳೇ ದಾಖಲೆನಲ್ಲೇ ಚಳಿಗಾಲ ಅಂತ ಇದೆಯಲ್ಲ? ಮಾರಿದೋರೂ ಹಾಗೇ ಹೇಳಿ ಮಾರಿದ್ದಾರೆ.”

ಹಳೆಯ ದಾಖಲೆಯಲ್ಲಿ ಇದ್ದದ್ದು ‘ಜಪಾನಿ ಹೆಂಗಸು, ರೇಷ್ಮೆಯ ಮೇಲೆ’ ಎಂಬಷ್ಟೇ. ‘ಚಳಿಗಾಲ’ ನನ್ನ ಕೈಯದು. ಯಾರು ತುಂಬಿದರು ಎಂದು ಕಂಪ್ಯೂಟರು ತೋರಿಸುವುದಿಲ್ಲ, ಹಳೆಯದು ಹೊಸದು ಎಲ್ಲ ಒಂದೇ ಅಕ್ಷರದಲ್ಲಿ ಕಾಣುತ್ತದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಚಿಕೆಯೋ, ಹೆದರಿಕೆಯೋ, ಎರಡೂ ಸೇರಿಯೋ.

“ಮುಂದಿನ ಗುರುವಾರ ಪಟ್ಟಿ ಅಂತಿಮ ಮಾಡ್ತೀವಿ,” ಎಂದರು ಅವರು. “ಇದನ್ನ ಕೈಬಿಡೋಣ. ಶಾಲೆ ಪೆಟ್ಟಿಗೆಗೆ ಹೋಗಲಿ. ಹಿಂದೆ ಒಂದು ಕಾಗದ ಅಂಟಿಸಿ ಗಟ್ಟಿ ಮಾಡಿಬಿಡು, ಅಷ್ಟು ಸಾಕು.”

ಶಾಲೆ ಪೆಟ್ಟಿಗೆ ಎಂದರೆ ನಮ್ಮಲ್ಲಿ ಬೆಲೆಯಿಲ್ಲದ ನಕಲುಗಳ ಸಂಗ್ರಹ. ಪ್ಲಾಸ್ಟಿಕ್ ಮುಚ್ಚಳದಡಿ ಹಾಕಿ ವ್ಯಾನಿನಲ್ಲಿ ಶಾಲೆಯಿಂದ ಶಾಲೆಗೆ ಒಯ್ಯುತ್ತಾರೆ, ಕಿಟಕಿ ಬೆಳಕಿನಲ್ಲಿ ಇಡುತ್ತಾರೆ, ಕೈಯಿಂದ ಕೈಗೆ ದಾಟಿಸುತ್ತಾರೆ. ಮಕ್ಕಳಿಗೆ ಅದು ಬೇಕಾದದ್ದೇ, ತಪ್ಪೇನಿಲ್ಲ. ಆದರೆ ಈ ರೇಷ್ಮೆ ಅಲ್ಲಿ ಐದು ವರ್ಷ ಬಾಳುವುದಿಲ್ಲ. ಆ ಕೆಂಪು ಎರಡೇ ವರ್ಷಕ್ಕೆ ಸತ್ತುಹೋಗುತ್ತದೆ. ನಾನು ಎರಡು ಸೆಕೆಂಡಿನಲ್ಲಿ ಒತ್ತಿದ ಒಂದು ಗುಂಡಿಯಿಂದ ಇವಳಿಗೆ ಈ ಗತಿ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು.

ಆ ಶನಿವಾರ ಶೆಫೀಲ್ಡಿನ ನಮ್ಮ ಮನೆ ಕಾದ ಕಾವಲಿಯಾಗಿತ್ತು. ಇಲ್ಲಿನ ಇಟ್ಟಿಗೆ ಮನೆಗಳನ್ನು ಚಳಿಗೆಂದು ಕಟ್ಟಿದ್ದು, ಸೆಖೆ ಒಳಗೆ ಬಂದರೆ ಹೊರಗೆ ಹೋಗಲು ದಾರಿಯಿಲ್ಲ, ಸೀಲಿಂಗಿಗೆ ಫ್ಯಾನೂ ಇಲ್ಲ. ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ವಾರಾಂತ್ಯದ ಡ್ಯೂಟಿ ಇತ್ತು. ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ, ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತು, ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ಅತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದವರು. ಇಂದಿಗೂ ಯಾರಾದರೂ ಎದುರಿಗೆ ಬಂದರೆ ಮೊದಲು ಮುಖವನ್ನಲ್ಲ, ತೋಳಿನ ಜೋಡಣೆಯನ್ನು ನೋಡುತ್ತಾರೆ.

“ಯಾಕೆ ಮುಖ ಊದಿಸ್ಕೊಂಡು ಓಡಾಡ್ತಿದೀಯ?” ಅಂದರು.

ಹೇಳಿದೆ. ಗಂಡನಿಗೂ ಹೇಳದ್ದನ್ನು, ಆ ಖಾನೆ ತುಂಬಿದ್ದು ನಾನೇ ಎಂಬುದನ್ನೂ ಹೇಳಿದೆ.

“ತೋರ್ಸು ನೋಡೋಣ ನಿನ್ನ ಹೆಂಗಸನ್ನ.”

ಟ್ಯಾಬ್ಲೆಟ್ಟಿನಲ್ಲಿ ಫೋಟೊ ತೆರೆದುಕೊಟ್ಟೆ. ಅತ್ತೆ ಕನ್ನಡಕ ಏರಿಸಿ, ಮುಖ ಬಿಟ್ಟು ನೇರ ಕಾಲಿನ ಹತ್ತಿರಕ್ಕೆ ಹೋದರು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ತುಂಬ ಹೊತ್ತು ನೋಡಿದರು.

“ಇದಕ್ಕೆ ಲೈನಿಂಗ್ ಎಲ್ಲಿದೆ?”

“ಎಂಥ ಲೈನಿಂಗ್ ಅತ್ತೆ?”

“ಅಂಚು ನೋಡು. ಇಲ್ಲಿ ಮಗುಚ್ಕೊಂಡಿದೆಯಲ್ಲ, ಒಳಗಡೆನೂ ಅದೇ ಬಟ್ಟೆ. ಎಲೆ ಹಿಂದ್ಗಡೆಯಿಂದ ಉಲ್ಟಾ ಕಾಣ್ತಾ ಇದೆ. ಲೈನಿಂಗ್ ಕೊಟ್ಟಿದ್ರೆ ಇಲ್ಲಿ ಬೇರೆ ಬಣ್ಣ ಕಾಣ್ಬೇಕಿತ್ತು. ಬರೆದೋನಿಗೆ ಹೊಲಿಗೆ ಗೊತ್ತು ಕಣೇ.”

“ಗೊತ್ತಿದ್ರೆ ಚಳಿಗಾಲದ ಬಟ್ಟೆಗೆ ಲೈನಿಂಗ್ ಬಿಡ್ತಿದ್ನಾ?”

“ಚಳಿಗಾಲ ಅಂತ ಯಾರು ಹೇಳಿದ್ದು?”

“ಹಿಮ ಇದೆಯಲ್ಲ ಅತ್ತೆ.”

“ಹೊರಗೆ ಹಿಮ ಬೀಳ್ತಿರೋವಾಗ ಮೈಮೇಲೂ ಯಾಕಮ್ಮ ಹಿಮ? ಇವತ್ತಿನಂಥ ದಿವಸ ಯಾರಾದ್ರೂ ನನಗೆ ಹಿಮದ ಸೀರೆ ಕೊಡ್ಲಿ, ಈಗ್ಲೇ ಉಟ್ಕೋತೀನಿ.”

ಹೇಳಿ ಮತ್ತೆ ಬಟಾಣಿಗೆ ಕೈಹಾಕಿದರು. ನಾನು ಅಲ್ಲೇ ನಿಂತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಷ್ಟು ಸಲ ಕೇಳಿದ್ದೆನೋ. ಎರಡು ತಿಂಗಳಿಂದ ಒಂದೇ ಮನೆಯಲ್ಲಿ ಊಟ ಮಾಡುತ್ತಿದ್ದ ಹೊಲಿಗೆ ಟೀಚರಿಗೆ ಒಂದು ಬಟ್ಟೆಯ ಚಿತ್ರ ತೋರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅತ್ತೆಯ ಮಾತು ಸರಿಯೆನಿಸಿದರೂ ಮೀಟಿಂಗಿನಲ್ಲಿ ‘ನಮ್ಮತ್ತೆ ಹೇಳಿದರು’ ಅಂದರೆ ನಡೆಯುವುದಿಲ್ಲ. ಮ್ಯಾಂಚೆಸ್ಟರಿನ ಒಂದು ಚರ್ಚ್ ಹಾಲಿನಲ್ಲಿ ಕಿಮೊನೊ ಉಡುವುದನ್ನು ಕಲಿಸುವ ಜಪಾನಿ ಟೀಚರ್ ಒಬ್ಬರಿದ್ದರು. ಅವರಿಗೆ ಫೋನ್ ಮಾಡಿ, ಮಂಗಳವಾರ ಕೆಲಸ ಮುಗಿಸಿ ರೈಲು ಹತ್ತಿದೆ. ಆ ಎರಡು ದಿನದಲ್ಲಿ ಚಿತ್ರದ ಹಿಂದೆ ಉಳಿದಿದ್ದ ಕೊನೆಯ ತೆಳು ಕಾಗದವನ್ನೂ ಚಿಮ್ಮಟದಿಂದ ಎಳೆಎಳೆಯಾಗಿ ಬಿಡಿಸಿ ಆಗಿತ್ತು. ಬುಧವಾರ ಬೆಳಗ್ಗೆ ಹೊಸ ಕಾಗದ ಅಂಟಿಸುವುದೆಂದು ನಿಶ್ಚಯ. ಹಿಂದೆ ಕಾಗದವಿಲ್ಲದ ಬರೀ ರೇಷ್ಮೆ ಅತಿ ನಾಜೂಕು, ಅದನ್ನು ಬಹಳ ಹೊತ್ತು ಹಾಗೆ ಬಿಡುವಂತಿಲ್ಲ.

ಟೀಚರ್ ಅರವತ್ತರ ಆಸುಪಾಸಿನವರು, ಚಿಕ್ಕ ಆಳು, ಚುರುಕು ಕಣ್ಣು. ನಾನು ಫೋಟೊಗಳನ್ನು ಮೇಜಿನ ಮೇಲೆ ಹರಡಿ ವಕೀಲಳಂತೆ ವಾದ ಮಂಡಿಸಿದೆ. “ಲೈನಿಂಗ್ ಇಲ್ಲ, ನೋಡಿ. ಬಟ್ಟೆ ಪಾರದರ್ಶಕ. ಎಲ್ಲಕ್ಕಿಂತ ಹೆಚ್ಚಾಗಿ ಬರಿಗಾಲು. ಬೇಸಿಗೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?”

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಕಾಲಿನ ವಿಷಯ ಮಾತ್ರ ಎತ್ತಬೇಡಿ. ಅವರು ಹಿಮದಲ್ಲೂ ಬರಿಗಾಲಲ್ಲೇ ನಡೀತಿದ್ರು. ಅದೇ ಅವರ ಠೀವಿ.”

ನನ್ನ ದೊಡ್ಡ ಸಾಕ್ಷಿ ಅಲ್ಲಿಗೆ ಮುಗಿಯಿತು. ಎರಡನೇ ಸಲ ನಾನು ಅದೇ ತಪ್ಪಿಗೆ ಹೊರಟಿದ್ದೆ: ಒಂದು ಗುರುತು ಕಂಡಿತೋ ಇಲ್ಲವೋ, ತೀರ್ಮಾನಕ್ಕೆ ಹಾರಿಬಿಡುವುದು. ಟೀಚರ್ ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದರು. ಬಿಚ್ಚಿದರೆ ನಾರಿನ ನವಿರಾದ ಹಳೆಯ ಕಿಮೊನೊ, ತಿಳಿನೀಲಿ, ಅದರ ಮೇಲೆ ಹಿಮದ ದುಂಡು ದುಂಡು ಹರಳುಗಳು.

“ಇದು ನಮ್ಮಜ್ಜಿದು. ಯಾವ ತಿಂಗಳಲ್ಲಿ ಉಡ್ತಿದ್ರು, ಹೇಳಿ?”

ಈ ಸಲ ನಾನು ಬಾಯಿ ಬಿಡಲಿಲ್ಲ.

“ಜುಲೈ. ಇನ್ನೂ ಸೆಖೆ ಜಾಸ್ತಿಯಾದ್ರೆ ಆಗಸ್ಟು. ಹೂವಿನ ಬಟ್ಟೆನ ಹೂವು ಅರಳೋಕೆ ಮುಂಚೆ ಉಡ್ಬೇಕು, ಅರಳಿದ ಮೇಲೆ ಅಲ್ಲ. ಹಿಮದ ಬಟ್ಟೆನ ಚಳಿಗೂ ಉಡ್ತಾರೆ, ಬೇಸಿಗೆಗೂ ಉಡ್ತಾರೆ. ಚಳಿಗಾದ್ರೆ ಒಳಗೆ ಹತ್ತಿ ತುಂಬಿ ಅಂಚು ದಪ್ಪ ಮಾಡ್ತಾರೆ. ಬೇಸಿಗೆಗೆ ಒಂದೇ ಪದರ. ಉಟ್ಟೋರಿಗೆ ತಂಪಾಗಲಿ ಅಂತಲ್ಲ, ಎದುರಿಗೆ ಬಂದೋರ ಕಣ್ಣಿಗೆ ತಂಪಾಗಲಿ ಅಂತ.”

ಅತ್ತೆ ಬಟಾಣಿ ಬಿಡಿಸುತ್ತ ಹೇಳಿದ್ದು ಇದನ್ನೇ. ನನಗೆ ಕುಣಿಯುವಷ್ಟು ಖುಷಿಯಾಯಿತು. ಟೀಚರ್ ಮಾತ್ರ ಫೋಟೊಗಳನ್ನು ಇನ್ನೂ ನೋಡುತ್ತಿದ್ದರು. ತೊಳೆಯುವ ಮುಂಚಿನದು ಒಂದು ಕೈಯಲ್ಲಿ, ತೊಳೆದ ಮೇಲಿನದು ಇನ್ನೊಂದರಲ್ಲಿ.

“ಮೊದಲು ಇದು ಕಪ್ಪಗಿತ್ತು,” ಎಂದರು. “ನೀವೇ ಬಣ್ಣ ತೊಳೆದು ತೆಳುವಾಗಿಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ?”

ವಾಪಸು ಬರುವ ರೈಲಿನಲ್ಲಿ ನನಗೆ ಅದೊಂದೇ ಯೋಚನೆ. ಪರೀಕ್ಷೆಯಲ್ಲಿ ಕಪ್ಪು ಬಿಟ್ಟಿರಲಿಲ್ಲ, ನಿಜ. ಆದರೆ ಪರೀಕ್ಷೆ ಮಾಡಿದ್ದು ಸೂಜಿಮೊನೆಯಷ್ಟು ಜಾಗದಲ್ಲಿ. ತೊಳೆದದ್ದು ಇಡೀ ಚಿತ್ರವನ್ನು. ದುರಸ್ತಿ ಮಾಡುವವರಿಗೆ ಇದಕ್ಕಿಂತ ಕೆಟ್ಟ ಅನುಮಾನ ಬೇರೆಯಿಲ್ಲ. ಸಂಜೆಯ ಬಿಸಿಲಿನಲ್ಲಿ ಗುಡ್ಡದ ಮೇಲಿನ ಕುರಿಗಳು ಎಷ್ಟು ನೆಮ್ಮದಿಯಾಗಿ ಮಲಗಿದ್ದವೆಂದರೆ ನನಗೆ ಅವುಗಳ ಮೇಲೂ ಸಿಟ್ಟು ಬಂತು.

ಉತ್ತರ ಎಲ್ಲಿದೆಯೆಂದು ಗೊತ್ತಿತ್ತು. ರೇಷ್ಮೆಯ ಹಿಂಬದಿಯಲ್ಲಿ. ಹಳೆಯ ಚಿತ್ರಕಾರರು ಕೆಲವು ಬಣ್ಣಗಳನ್ನು ಬಟ್ಟೆಯ ಹಿಂದಿನಿಂದ ಬಳಿಯುತ್ತಿದ್ದರು, ಮುಂದೆ ಅದು ಮೆದುವಾಗಿ ಕಾಣಲೆಂದು. ಪಾರದರ್ಶಕ ಬಟ್ಟೆ ಬರೆಯಬೇಕೆಂದೇ ಇವಳ ಚಿತ್ರಕಾರ ಕೂತಿದ್ದರೆ ಒಳ ಉಡುಪನ್ನೂ ಕೈಯನ್ನೂ ಹಿಂದಿನಿಂದ ಪೂರ್ತಿಯಾಗಿ ಬರೆದಿರುತ್ತಾನೆ. ಇಲ್ಲದಿದ್ದರೆ ಅಲ್ಲಿ ಮುಂದಿನಿಂದ ಇಳಿದ ಬಣ್ಣದ ಬರೀ ಕಲೆ ಇರುತ್ತದೆ. ಆ ಹಿಂಬದಿ ಈಗ ಬಯಲಾಗಿತ್ತು, ಆದರೆ ಹಳೆಯ ಅಂಟಿನ ಕಂದು ಪೊರೆಯಿಂದಾಗಿ ಅಡಿಯಿಂದ ಬೆಳಕು ಹಾಯಿಸದೆ ಅಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ. ಬುಧವಾರ ಬೆಳಗ್ಗೆ ಕಾಗದ ಅಂಟಿಸಿದೆನೆಂದರೆ ಮತ್ತೆ ನೂರು ವರ್ಷ ಯಾರಿಗೂ ಕಾಣುವುದಿಲ್ಲ.

ಬುಧವಾರ ಏಳೂವರೆಗೆ ಕೆಲಸಕ್ಕೆ ಹೋದೆ. ಸೋಸಿ ಮುಚ್ಚಿಟ್ಟ ಗೋಧಿ ಅಂಟು ತಯಾರಿತ್ತು, ಕಾಗದ ಅಳತೆಗೆ ಕತ್ತರಿಸಿತ್ತು, ಕುಂಚ ನೆನೆದಿತ್ತು. ಸದ್ದಿಲ್ಲದೆ ಅಂಟಿಸಿಬಿಡು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಹಿಂದೆ ಬರೀ ಕಲೆ ಇದ್ದರೆ ಅದನ್ನು ನೋಡದಿರುವುದೇ ಕ್ಷೇಮ. ಅಂಟಿನ ಬೋಗುಣಿಯನ್ನು ಎತ್ತಿ ಒಳಗಿಟ್ಟೆ. ಬೆಳಕು ಹಾಯಿಸಿ ನಾನು ಒಬ್ಬಳೇ ಮೊದಲು ನೋಡುವುದೂ ಬೇಡ, ಏನಿದ್ದರೂ ಇಬ್ಬರೂ ಒಟ್ಟಿಗೆ ನೋಡೋಣ ಎಂದುಕೊಂಡು ಕ್ಯುರೇಟರನ್ನು ಕರೆದೆ.

ಅವರು ಕಾಫಿ ಲೋಟ ಬಾಗಿಲ ಹೊರಗಿಟ್ಟು ಒಳಗೆ ಬಂದರು.

“ಋತುವಿನ ಖಾನೆ ತುಂಬಿದ್ದು ನಾನು,” ಎಂದೆ. “ಹಳೇ ದಾಖಲೆಯಲ್ಲಿ ಚಳಿಗಾಲ ಅಂತ ಇಲ್ಲ. ಹೋದ ವಾರನೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಅವರು ನನ್ನನ್ನೇ ನೋಡಿದರು. ಲವ್ ಅನ್ನಲಿಲ್ಲ. “ಮತ್ತೆ ಈಗ ಯಾಕೆ ಹೇಳ್ತಿದೀಯ?”

“ಇದು ಚಳಿಗಾಲದ್ದಲ್ಲ ಅಂತ ನನಗೆ ಅನ್ನಿಸ್ತಿದೆ. ಅಥವಾ ನಾನು ತೊಳೆದು ಹಾಳು ಮಾಡಿದೀನಿ. ಎರಡರಲ್ಲಿ ಒಂದು.”

ರೇಷ್ಮೆಯನ್ನು ಅದರಡಿ ಹಾಸಿದ್ದ ಪಾರದರ್ಶಕ ಹಾಳೆಯ ಸಮೇತ ಎತ್ತಿ, ಅಡಿಯಲ್ಲಿ ಬೆಳಕಿನ ತೆಳು ಹಲಗೆ ಸರಿಸಿದೆವು. ಕ್ಯುರೇಟರ್ ಪರದೆ ಎಳೆದರು, ನಾನು ದೀಪ ಆರಿಸಿದೆ. ಹಲಗೆಯ ಸ್ವಿಚ್ ಒತ್ತಿದೆ.

ಮೊದಲು ಕಂಡದ್ದು ಕೆಂಪು. ನಾನು ಅಷ್ಟು ತುಂಬಿದ ಕೆಂಪನ್ನು ಆ ಚಿತ್ರದಲ್ಲಿ ಕಂಡೇ ಇರಲಿಲ್ಲ. ಒಳ ಉಡುಪು ಕುತ್ತಿಗೆಯಿಂದ ಕಾಲಿನವರೆಗೆ ಹಿಂದಿನಿಂದ ಪೂರ್ತಿ ಬಳಿದಿತ್ತು, ಅದರ ಮೇಲೆ ಅಲೆಅಲೆಯಾಗಿ ಬಿಳಿಯ ಪುಟ್ಟ ಚುಕ್ಕಿಗಳು, ನಮ್ಮ ಬಾಂಧನಿ ಬಟ್ಟೆಯಲ್ಲಿ ಇರುತ್ತವಲ್ಲ, ಹಾಗೆ. ಆ ಚುಕ್ಕಿಗಳು ಬಿದಿರೆಲೆಯ ಹತ್ತಿರ ನಿಲ್ಲಲಿಲ್ಲ. ಎಲೆಯ ಅಡಿಯಲ್ಲಿ ಹಾದು ಆಚೆ ಬದಿಗೂ ಹೋಗಿದ್ದವು. ತೋಳಿನೊಳಗೆ ಕೈ ಇತ್ತು, ಮುಂಗೈಯಿಂದ ಮೊಣಕೈ ದಾಟಿ ಭುಜದವರೆಗೆ, ಗೆರೆ ಎಲ್ಲೂ ಕಡಿಯದೆ. ಅದರ ಮೇಲೆ ಕಪ್ಪು ಒಂದೇ ಒಂದು ತೆಳು ಲೇಪ, ಅಂಚಿನಿಂದ ಅಂಚಿಗೆ ಸಮನಾಗಿ.

ಕ್ಯುರೇಟರ್ ಮೊಣಕಾಲೂರಿ ಕೂತು ಮೇಜಿನ ಮಟ್ಟಕ್ಕೆ ಕಣ್ಣು ತಂದರು.

“ಕಾಣಬಾರದು ಅನ್ನೋ ಕೈನ ಯಾರೂ ಭುಜದವರೆಗೆ ಬರೆಯಲ್ಲ,” ಅಂದರು ಕೊನೆಗೆ. “ಬ್ಲಾಟಿಂಗ್ ಕಾಗದ ಎಸೆದೆಯಾ?”

ಎಸೆದಿರಲಿಲ್ಲ. ಇಪ್ಪತ್ತಮೂರನ್ನೂ ನೆಲದ ಮೇಲೆ ಸಾಲಾಗಿ ಹಾಸಿದೆವು. ಕಂದು, ಕಂದು, ತಿಳಿಗಂದು, ಕೊನೆಗೆ ಬಿಳಿ. ಕಪ್ಪಿನ ಒಂದು ಎಳೆಯೂ ಇರಲಿಲ್ಲ. ಅತ್ತೆ ಹೇಳಿದ ಅಂಚು, ಮ್ಯಾಂಚೆಸ್ಟರಿನ ನೀಲಿ ಕಿಮೊನೊ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬರಿಗಾಲಿನ ವಾದ ಬಿದ್ದುಹೋದದ್ದನ್ನೂ ಬಿಡದೆ ಹೇಳಿದೆ.

“ಹಾಗಿದ್ರೆ ಬರೆದೋನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ನಮಗೆ.”

“ನನಗೆ,” ಎಂದೆ.

“ಹೌದು, ನಿನಗೆ,” ಎಂದು ಅವರು ಸಲೀಸಾಗಿ ಒಪ್ಪಿಕೊಂಡರು. “ಹಳೇ ದಾಖಲೆ ತೆಗೆದು ನೋಡ್ದೆ ಮಾತಾಡಿದ್ದು ಮಾತ್ರ ನಾನು.” ಎದ್ದು ಮೊಣಕಾಲು ಒರೆಸಿಕೊಂಡರು. “ಬೇಸಿಗೆ ಗೋಡೆ ತೆರೆಯೋಕೆ ನಾಲ್ಕು ವಾರ ಇದೆ, ಲವ್. ಆಗುತ್ತಾ?”

“ಆಗುತ್ತೆ,” ಎಂದೆ. ಲೆಕ್ಕ ಹಾಕಿದ್ದು ಅವರು ಹೋದ ಮೇಲೆ. ಮೊದಲ ಕಾಗದ, ಅದು ಒಣಗಬೇಕು. ಎರಡನೆಯದು, ಹಲಗೆಗೆ ಎಳೆದು ಹತ್ತು ದಿನ ಬಿಡಬೇಕು. ಸುತ್ತಲಿನ ಅಂಚುಬಟ್ಟೆ, ಚೌಕಟ್ಟು. ಒಂದೇ ಒಂದು ದಿನ ಜಾರಿದರೂ ತಪ್ಪಿಹೋಗುತ್ತಿತ್ತು. ಗುರುವಾರದ ಮೀಟಿಂಗಿನಲ್ಲಿ ಕ್ಯುರೇಟರ್ ಚಿತ್ರವನ್ನು ಚಳಿಗಾಲದ ಪಟ್ಟಿಯಿಂದ ಬೇಸಿಗೆಗೆ ಸಾಗಿಸಿದರು. ಕಾರಣ ಕೇಳಿದವರಿಗೆ ಬೆಳಕಿನ ಮೇಲಿನ ಫೋಟೊ ತೋರಿಸಿದರಂತೆ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಸೆಖೆಗೆ ಅಂಟು ಕುಂಚದಲ್ಲೇ ಒಣಗುತ್ತಿತ್ತು. ಮೊದಲ ದಿನ ಕಾಗದದ ಒಂದು ಮೂಲೆ ಸುಕ್ಕಾಗಿ, ಅದನ್ನು ಬಿಡಿಸಿ ಮತ್ತೆ ಹಾಕಬೇಕಾಯಿತು. ಆಮೇಲೆ ಕಿಟಕಿಗೆ ಬಿಸಿಲು ಬರುವ ಮೊದಲೇ, ಬೆಳಗಿನ ಆರಕ್ಕೆ ಶುರುಮಾಡತೊಡಗಿದೆ. ನಾನು ಶೆಫೀಲ್ಡಿನಿಂದ ಮೊದಲ ರೈಲು ಹಿಡಿಯಬೇಕಿತ್ತು, ಅತ್ತೆ ನನಗಿಂತ ಮುಂಚೆ ಎದ್ದು ಚಿತ್ರಾನ್ನ ಕಟ್ಟಿಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಕಟ್ಟಡದಲ್ಲಿ ನಾನು, ಕಾವಲುಗಾರ, ಇವಳು ಮೂವರೇ. ಅಗಲ ಕುಂಚ ಕಾಗದದ ಮೇಲೆ ಸರಿಯುವ ಸದ್ದು ಬಿಟ್ಟರೆ ಮತ್ತೇನಿಲ್ಲ. ನನಗೆ ಹಾಡು ಬರುವುದಿಲ್ಲ, ಆ ನಾಲ್ಕು ವಾರ ಹಾಡಿಕೊಂಡೇ ಕೆಲಸ ಮಾಡಿದೆ.

ಅಂಥ ಬೆಳಗ್ಗೆಗಳಲ್ಲಿ ಅವಳ ಬಗ್ಗೆ ಯೋಚಿಸುತ್ತಿದ್ದೆ. ಗಣಿಕೆಯರ ಕೇರಿಗೆ ಒಂದೇ ಬಾಗಿಲು, ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಊರಿಗೆಲ್ಲ ಫ್ಯಾಷನ್ ಹೇಳಿಕೊಟ್ಟವರಿಗೆ ಆ ಊರಿನಲ್ಲಿ ತಿರುಗಾಡಲು ಅನುಮತಿಯಿರಲಿಲ್ಲ. ಉರಿಸೆಖೆಯ ಒಂದು ದಿನ ಯಾರೋ ಈ ಹಿಮದ ಬಟ್ಟೆಯನ್ನು ಆರಿಸಿದ್ದರು. ಅವಳೇ ಆರಿಸಿದ್ದಳೋ, ಮನೆಯ ಯಜಮಾನಿ ಆರಿಸಿ ತೊಡಿಸಿದ್ದಳೋ, ತಿಳಿಯುವ ದಾರಿಯಿಲ್ಲ. ಅವಳೇ ಆಗಿರಲಿ ಎಂದು ನಾನು ಆಸೆಪಟ್ಟೆ.

ಜುಲೈ ಮಧ್ಯದಲ್ಲಿ ಗೋಡೆ ತೆರೆಯಿತು. ಹಿಂದಿನ ದಿನ ಮಧ್ಯಾಹ್ನದವರೆಗೂ ಚೌಕಟ್ಟಿನ ಮೂಲೆ ಕೂಡಿಸುತ್ತಿದ್ದೆ. ಹಸುರು ಎಲೆಯವಳು, ನೀರಿನ ಅಲೆಯವಳು, ಬೀಸಣಿಗೆಯವಳು, ಅವರ ನಡುವೆ ನಮ್ಮ ಹಿಮದವಳು. ಅವಳ ಹೆಸರುಫಲಕಕ್ಕೆ ಕ್ಯುರೇಟರ್ ವಿವರಣೆ ಬರೆಸಿದ್ದರು, ಆದರೆ ಅಕ್ಷರ ಸಣ್ಣದು, ಬೆಳಕು ಮಂದ, ಓದುವವರು ಕಡಿಮೆ. ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅತ್ತೆ ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಸೆಖೆಗೆ ಶಪಿಸುತ್ತ ಬಂದರು. ಚಿತ್ರದ ಮುಂದೆ ನಿಂತವರು ಸೀದಾ ಬಗ್ಗಿ ಅಂಚು ನೋಡಿದರು, ತಲೆಯಾಡಿಸಿದರು, ಪಕ್ಕಕ್ಕೆ ಸರಿದು ನಿಂತರು.

ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದರು. ಒಬ್ಬಾಕೆ ಚಿತ್ರ ನೋಡಿ, “ಓ, ಇವಳು ಚಳಿಗಾಲದವಳು. ತಪ್ಪಿ ಇಲ್ಲಿ ಹಾಕಿದ್ದಾರೆ,” ಎಂದು ಗೆಳತಿಗೆ ಹೇಳಿ ಮುಂದೆ ಹೊರಟರು. ಪೂರ್ತಿ ಎರಡು ಸೆಕೆಂಡೂ ಆಗಿರಲಿಲ್ಲ. ನಾನು ಹೋಗಿ ಹೇಳಬೇಕೆಂದು ಹೆಜ್ಜೆ ಎತ್ತಿದೆ. ಪಕ್ಕದಲ್ಲಿದ್ದ ಕ್ಯುರೇಟರ್ ನನ್ನ ತೋಳು ಹಿಡಿದು ನಿಲ್ಲಿಸಿದರು.

ಅತ್ತೆ ಆಗಲೇ ಆಕೆಯ ಮೊಣಕೈ ಹಿಡಿದಾಗಿತ್ತು. ಮೂವತ್ತು ವರ್ಷ ಎಷ್ಟು ಹುಡುಗಿಯರನ್ನು ಬೋರ್ಡಿನ ಮುಂದೆ ಹಾಗೆ ಹಿಡಿದು ತಂದಿದ್ದರೋ. “ಒನ್ ಮಿನಿಟ್, ಮೇಡಂ,” ಎಂದು ಚಿತ್ರದ ಮುಂದಕ್ಕೆ ತಂದು ನಿಲ್ಲಿಸಿ, ಗಾಜಿಗೆ ತಾಗದಂತೆ ಬೆರಳಿಟ್ಟು ಅಂಚು ತೋರಿಸಿದರು. ಕ್ಲಾಸಿನ ಇಂಗ್ಲಿಷಿನಲ್ಲಿ ನಿಧಾನವಾಗಿ ಪಾಠ ಶುರುವಾಯಿತು. ಇದು ಅಂಚು. ಇದು ಮಗುಚಿದೆ. ಒಳಗೆ ಲೈನಿಂಗ್ ಇಲ್ಲ. ಇಗೋ, ಕೈ ಕಾಣುತ್ತದೆ. ಆ ಹೆಂಗಸು ಬಗ್ಗಿದರು. ಗೆಳತಿಯೂ ಬಗ್ಗಿದರು. ಹಿಂದೆ ಬಂದ ಇನ್ನಿಬ್ಬರು ಅಲ್ಲೇ ನಿಂತರು.

“ಹಾಗಿದ್ರೆ ಇವಳಿಗೆ ಚಳಿ ಇಲ್ವಾ?” ಎಂದು ಕೇಳಿದರು ಆಕೆ.

“ಸೆಖೆ,” ಅಂದರು ಅತ್ತೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. “ತುಂಬ ಸೆಖೆ. ಅದಕ್ಕೇ ಹಿಮ.”